ಮಕ್ಕಳಿಗೆ ಲೈನ್ (ಡ್ರಿಪ್ ಹಾಕೋ ದಾರಿ) ಸಿಗದಿದ್ದಾಗ ನಾನು ಮಾಡೋದು

ವಾಂತಿ ಭೇದಿ ಆಗಿ ಕ್ಯಾಶುವಾಲ್ಟಿಗೆ ಬರೋ ಮಗು ಕಣ್ಣು ಗುಳಿ ಬಿದ್ದು, ಕೈಕಾಲು ತಣ್ಣಗಾಗಿ, ಚುಚ್ಚಿದ್ರೂ ಅಳ್ತಿಲ್ಲ ಅಂದ್ರೆ ಕೈ ಮೇಲೆ ವೇನ್ (ರಕ್ತನಾಳ) ಹುಡುಕ್ತಾ ಕೂರೋದು ವೇಸ್ಟ್, ಶಾಕಲ್ಲಿ (ರಕ್ತದ ಓಡಾಟ ಕುಸಿದಾಗ) ಅವೆಲ್ಲ ಮುದುಡಿ ಹೋಗಿರ್ತವೆ, ಅದ್ರಲ್ಲೂ ಗುಂಡುಗುಂಡಗಿರೋ ಮಗು ಆದ್ರಂತೂ ಕೇಳ್ಲೇಬೇಡಿ. ನಾನು ಸೀದಾ ಕಾಲಿಗೆ ಹೋಗ್ತೀನಿ. ಪಾದದ ಒಳಮಗ್ಗುಲಲ್ಲಿ ಎದ್ದಿರೋ ಗಿಣ್ಣಿನ ಸ್ವಲ್ಪ ಮುಂದೆ ಸಫೀನಸ್ ವೇನ್ ಇರುತ್ತೆ, ಕಣ್ಣಿಗೆ ಕಾಣದಿದ್ರೂ ಜಾಗ ಬದಲಾಗೋದು ಕಮ್ಮಿ. 24 ನಂಬರ್ ಹಳದಿ ಕ್ಯಾನುಲಾ (ವೇನ್ ಒಳಗೆ ಬಿಡೋ ಸಣ್ಣ ಕೊಳವೆ) ಹಿಡ್ಕೊಂಡು, ಚರ್ಮ ಬಿಗಿಯಾಗಿ ಎಳ್ದು, ತುಂಬಾ ನಿಧಾನ ಹೋಗ್ಬೇಕು, ಬಿಪಿ ಇಲ್ಲದ ಮಗುಲಿ ಬ್ಯಾಕ್ ಫ್ಲೋ (ಕ್ಯಾನುಲಾಗೆ ವಾಪಸ್ ಬರೋ ರಕ್ತ) ತಡವಾಗಿ ಬರುತ್ತೆ, ಬರ್ಲಿಲ್ಲ ಅಂತ ಆತುರಪಟ್ರೆ ಇನ್ನೊಂದು ಕಡೆಯಿಂದ ಹೊರಗೇ ಬಂದಿರ್ತೀರ.

ಸಿಸ್ಟರ್ ಕೈಯಲ್ಲಿ ಟೈಮ್ ನೋಡೋಕೆ ಹೇಳಿರ್ತೀನಿ. 90 ಸೆಕೆಂಡಲ್ಲಿ ಆಗ್ಲಿಲ್ವಾ, ಮೂಳೆಗೆ. ಐಓ ನೀಡಲ್ (ಮೂಳೆ ಒಳಗೆ ಹಾಕೋ ಸೂಜಿ) ಇದ್ರೆ ಸರಿ, ಇಲ್ದಿದ್ರೆ ಪುಟ್ಟ ಕೂಸಿಗೆ 18 ನಂಬರ್ ಸೂಜಿನೇ ಸಾಕು. "ಅಯ್ಯೋ, ಮೂಳೆಗಾ ಸಾರ್?" ಅಂತ ಅಜ್ಜಿ ಗಾಬರಿ ಆಗ್ತಾರೆ, "ಹೂನಮ್ಮ, ನರ ಮುಚ್ಕೊಂಡಿದೆ, ಮೂಳೆ ಒಳಗಿನ ದಾರಿ ಮುಚ್ಚಲ್ಲ" ಅಂತ ಕೆಲಸ ಮಾಡ್ತಾನೇ ಹೇಳೋದು. ಮಂಡಿ ಚಿಪ್ಪಿನ ಕೆಳಗಿರೋ ಉಬ್ಬಿಂದ ಒಂದು ಬೆರಳು ಕೆಳಗೆ, ಸ್ವಲ್ಪ ಒಳಗಡೆಗೆ, ಮೂಳೆ ಚಪ್ಪಟೆ ಇರೋ ಕಡೆ ಸೂಜಿ ನೆಟ್ಟಗೆ ಇಟ್ಟು ತಿರುಗಿಸ್ತಾ ಒತ್ತಿದ್ರೆ ಒಂದು ಹಂತದಲ್ಲಿ ಟಕ್ ಅಂತ ಸಡಿಲ ಆಗುತ್ತೆ, ಅಲ್ಲೇ ನಿಲ್ಸಿ. ನಿಮ್ಮ ಇನ್ನೊಂದು ಕೈ ಮಾತ್ರ ಕಾಲಿನ ಅಡಿಗೆ ಇಡ್ಬೇಡಿ, ಸೂಜಿ ಆಚೆ ಬಂದ್ರೆ ನಿಮಗೇ ಚುಚ್ಚುತ್ತೆ. ಮುರಿದಿರೋ ಮೂಳೆಗಂತೂ ಹಾಕೋ ಹಾಗಿಲ್ಲ. ಎಳೆದಾಗ ರಕ್ತ ಬಂದ್ರೆ ಅದ್ರಲ್ಲೇ ಶುಗರ್ ನೋಡ್ಕೊಳ್ತೀನಿ, ಬರ್ದೇ ಇದ್ರೂ ಸೂಜಿ ತಾನಾಗಿ ನಿಂತಿದ್ದು, ಫ್ಲಶ್ (ಸಿರಿಂಜಲ್ಲಿ ತಳ್ಳೋ ಸಲೈನ್) ಸಲೀಸಾಗಿ ಹೋಗಿ ಮೀನಖಂಡ ಊದ್ಕೊಳ್ದಿದ್ರೆ ಒಳಗಿದೆ ಅಂತಲೇ ಅರ್ಥ.

ಬಾಟ್ಲಿ ತೂಗುಹಾಕಿ ಬಿಟ್ರೆ ಐಓಲಿ ಸರಿಯಾಗಿ ಓಡಲ್ಲ. ತ್ರೀ ವೇ (ಮೂರು ದಾರಿಯ ಪುಟ್ಟ ನಲ್ಲಿ) ಹಾಕಿ ಸಿರಿಂಜಲ್ಲಿ ತಳ್ಬೇಕು, ಕೆಜಿಗೆ 20 ಎಂಎಲ್ ಲೆಕ್ಕದಲ್ಲಿ 8 ಕೆಜಿ ಮಗುಗೆ 160 ಎಂಎಲ್ ಡ್ರಿಪ್ ನೀರು, ಅಂದ್ರೆ ಎನ್ಎಸ್ ಅಥವಾ ಆರ್‌ಎಲ್ (ತೀರಾ ಅಪೌಷ್ಟಿಕ ಮಗು ಆದ್ರೆ ಈ ಲೆಕ್ಕ ನಡೆಯಲ್ಲ, ಕಮ್ಮಿ, ನಿಧಾನ). ಅರ್ಧ ಹೋಗೋಷ್ಟರಲ್ಲಿ ಎಷ್ಟೋ ಸಲ ಕೈ ಮೇಲೇ ವೇನ್ ಎದ್ದು ಕಾಣುತ್ತೆ, ಆಗ ಆರಾಮಾಗಿ ಲೈನ್ ಹಾಕಿ ಸ್ಪ್ಲಿಂಟ್ ಕಟ್ಟಿ, ಐಓ ತೆಗೀತೀನಿ, ಅದನ್ನ 24 ಗಂಟೆ ಮೇಲೆ ಬಿಡೋ ಹಾಗಿಲ್ಲ.

ಫಿಟ್ಸ್ ಬಂದಿರೋ ಮಗುಗಾದ್ರೆ ಲೈನ್‌ಗೆ ಕಾಯೋದೇ ಇಲ್ಲ, ಮಿಡಜೋಲಮ್ (ಫಿಟ್ಸ್ ನಿಲ್ಸೋ ಔಷಧಿ) ಕೆಜಿಗೆ 0.2 ಎಂಜಿ ಮೂಗಿಗೆ ಹಾಕಿ, ಫಿಟ್ಸ್ ನಿಂತ ಮೇಲೇ ಕ್ಯಾನುಲಾ ಮುಟ್ಟೋದು.