ಇಜ್ಮಿರ್‌ನಲ್ಲಿ ಮನೆ ಮಾಡಿದ ಮೇಲೆ ದಿನ ಕಳೆಯುವುದು ಹೇಗೆ

ಟರ್ಕಿಯ ಇಜ್ಮಿರ್‌ಗೆ ಕೆಲಸಕ್ಕೋ ಓದಿಗೋ ಬರುವ ಕನ್ನಡದವರು ವೀಸಾ, ಬಾಡಿಗೆ ಎಲ್ಲಾ ವಿಚಾರಿಸಿ ಮುಗಿಸಿದ ಮೇಲೆ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ರಜೆ ದಿನ ಅಲ್ಲಿ ಏನು ಮಾಡ್ತೀರಿ?" ನನ್ನ ಉತ್ತರ ಯಾವಾಗಲೂ ಇದೇ. ವಾರಕ್ಕೊಂದು ಹೊಸ ಜಾಗ ಹುಡುಕಿಕೊಂಡು ಓಡಾಡಬೇಡಿ. ಒಂದು ಫೆರ್ರಿ, ಒಂದು ಸಂತೆ, ಒಂದು ಚಹಾ ತೋಟ ಆರಿಸಿಕೊಳ್ಳಿ. ಅಲ್ಲಿಗೇ ಮತ್ತೆ ಮತ್ತೆ ಹೋಗಿ. ಈ ಊರಿನ ಜನ ಮುಖ ಗುರುತಾದ ಮೇಲೆ ಬಹಳ ಹತ್ತಿರವಾಗುತ್ತಾರೆ. ನಾನಿರುವುದು ಕೊಲ್ಲಿಯ ಉತ್ತರ ದಂಡೆಯ ಬೊಸ್ತಾನ್ಲಿಯಲ್ಲಿ, ಹಾಗಾಗಿ ಇಲ್ಲಿ ಹೇಳುವುದರಲ್ಲಿ ಆ ಕಡೆಯದೇ ಜಾಸ್ತಿ.

ಕಾಗದ ಪತ್ರದ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಇಲ್ಲಿ ವಾಸದ ಪರವಾನಗಿಗೆ ಇಕಾಮೆತ್ ಅನ್ನುತ್ತಾರೆ, ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಆ ಬಡಾವಣೆ ವಿದೇಶಿಯರ ಹೊಸ ನೋಂದಣಿಗೆ ತೆರೆದಿದೆಯಾ ಅಂತ ವಿಚಾರಿಸಿ. 2022ರ ಜುಲೈನಿಂದ ವಿದೇಶಿಯರ ಪಾಲು ಶೇ. 20 ದಾಟಿದ ಬಡಾವಣೆಗಳನ್ನು ಮುಚ್ಚಿದ್ದಾರೆ. ಊರಿಂದ ತಂದ ಫೋನಿಗೆ ಇಲ್ಲಿಯ ಸಿಮ್ ಹಾಕಿದರೆ 120 ದಿನ ಮಾತ್ರ ನಡೆಯುತ್ತದೆ. ಆಮೇಲೂ ಬೇಕೆಂದರೆ ಶುಲ್ಕ ಕಟ್ಟಿ ನೋಂದಾಯಿಸಬೇಕು. ಬಾಡಿಗೆಯ ಜೊತೆ ಅಯ್ದಾತ್ ಅಂತ ಕಟ್ಟಡದ ತಿಂಗಳ ಖರ್ಚು ಬೇರೆ ಇರುತ್ತದೆ, ಎಷ್ಟು ಅಂತ ಮೊದಲೇ ಕೇಳಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು, ಕಟ್ಟಡ ಯಾವ ವರ್ಷದ್ದು ಅಂತ ಕೇಳುವುದು. 2020ರ ಅಕ್ಟೋಬರ್ 30ರ ಭೂಕಂಪದಲ್ಲಿ ಇಲ್ಲೇ ಬಯ್‌ರಾಕ್ಲಿಯಲ್ಲಿ ಕಟ್ಟಡಗಳು ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಸಮುದ್ರ ಕಾಣುವ ಬಾಲ್ಕನಿ ಸಿಗುತ್ತದೆ ಅಂತ ಹಳೇ ಕಟ್ಟಡಕ್ಕೆ ಹೂಂ ಅನ್ನಬೇಡಿ. ಕೆಳಗೆ ಅಂಗಡಿ ಮಾಡಲು ಕಂಬ ತೆಗೆದಿದ್ದಾರಾ ಅಂತ ಅಕ್ಕಪಕ್ಕದವರನ್ನು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲಿಯವರೂ ಮನೆ ಹುಡುಕುವಾಗ ಅದನ್ನೇ ಕೇಳುತ್ತಾರೆ.

ಇನ್ನು ಫೆರ್ರಿ. ಇಲ್ಲಿ ಅದಕ್ಕೆ ವಾಪುರ್ ಅನ್ನುತ್ತಾರೆ. ಕೊಲ್ಲಿಯ ಈ ದಡದ ಕಾರ್ಶಿಯಾಕಾ, ಬೊಸ್ತಾನ್ಲಿಯಿಂದ ಆ ದಡದ ಕೊನಾಕ್, ಪಸಾಪೋರ್ಟ್, ಅಲ್ಸಾಂಜಾಕ್‌ಗೆ ಹೋಗುತ್ತದೆ. ಬಸ್ಸು, ಮೆಟ್ರೊ, ಟ್ರಾಮ್‌ಗೆ ನಡೆಯುವ ಇಜ್ಮಿರಿಮ್ ಕಾರ್ಡೇ ಇದಕ್ಕೂ ಸಾಕು. ಬಂದ ದಿನವೇ ಆ ಕಾರ್ಡ್ ಮಾಡಿಸಿಕೊಳ್ಳಿ. ಹತ್ತುವ ಮುಂಚೆ ನಿಲ್ದಾಣದ ಹತ್ತಿರ ಒಂದು ಗೆವ್ರೆಕ್ ಕೊಳ್ಳಿ. ಬಳೆಯಷ್ಟು ದುಂಡಗೆ, ಎಳ್ಳು ಮೆತ್ತಿದ ಗರಿಗರಿ ಬ್ರೆಡ್ಡು ಅದು. ಒಳಗೆ ಕೂರದೆ ಹಿಂದಿನ ಡೆಕ್ಕಿಗೆ ಹೋಗಿ. ಹಡಗು ಹೊರಟ ಕೂಡಲೇ ಕಡಲಹಕ್ಕಿಗಳು ಬೆನ್ನು ಹತ್ತುತ್ತವೆ. ಗೆವ್ರೆಕ್ ಮುರಿದು ಮೇಲಕ್ಕೆ ಎಸೆದರೆ ಗಾಳಿಯಲ್ಲೇ ಹಿಡಿಯುತ್ತವೆ. ಮಕ್ಕಳಿದ್ದರೆ ಇಪ್ಪತ್ತು ನಿಮಿಷ ಹೇಗೆ ಹೋಯಿತೋ ಗೊತ್ತಾಗುವುದಿಲ್ಲ. ಸೈಕಲ್ಲನ್ನೂ ಹಡಗಿಗೆ ಹತ್ತಿಸಬಹುದು. ಚಳಿಗಾಲದಲ್ಲಿ ದಕ್ಷಿಣದಿಂದ ಲೊದೊಸ್ ಗಾಳಿ ಜೋರಾಗಿ ಬೀಸಿದರೆ ಮಾತ್ರ ಫೆರ್ರಿ ನಿಲ್ಲಿಸಿಬಿಡುತ್ತಾರೆ. ಅಂಥ ದಿನ ಮೆಟ್ರೊ ಅಥವಾ ಇಜ್ಬಾನ್ ರೈಲಿನ ದಾರಿ ಗೊತ್ತಿರಲಿ.

ಬೇಸಿಗೆಯಲ್ಲಿ ನಿಮ್ಮ ಗಡಿಯಾರವನ್ನೇ ಬದಲಿಸಿಕೊಳ್ಳಬೇಕು. ಜುಲೈ, ಆಗಸ್ಟ್‌ನ ನಡುಮಧ್ಯಾಹ್ನ ಹೊರಗೆ ಕೆಲಸ ಇಟ್ಟುಕೊಳ್ಳಬೇಡಿ. ಮಧ್ಯಾಹ್ನ ಕಳೆಯುತ್ತಾ ಸಮುದ್ರದ ಕಡೆಯಿಂದ ಇಂಬಾತ್ ಗಾಳಿ ಶುರುವಾಗುತ್ತದೆ. ಇಡೀ ಊರು ಅದಕ್ಕೇ ಕಾಯುತ್ತಿರುತ್ತದೆ. ಸಂಜೆಗೆ ಅಲ್ಸಾಂಜಾಕ್‌ನ ಕೊರ್ದೊನ್ ದಂಡೆಯ ಹುಲ್ಲಿನ ಮೇಲೆ ಜಾಗ ಹುಡುಕಬೇಕು, ಅಷ್ಟು ಜನ. ಒಂದು ಚಾಪೆ, ಒಂದು ಪೊಟ್ಟಣ ಹುರಿದ ಸೂರ್ಯಕಾಂತಿ ಬೀಜ ಸಾಕು, ರಾತ್ರಿ ಊಟದ ಹೊತ್ತಿನ ತನಕ ಕೂರಬಹುದು. ಬೀಜಕ್ಕೆ ಇಲ್ಲಿ ಚೀದೆಮ್ ಅನ್ನುತ್ತಾರೆ. ಸಿಪ್ಪೆಗೆ ಬೇರೆ ಚೀಲ ತೆಗೆದುಕೊಂಡು ಹೋಗಿ. ಆದರೆ ಒಳಕೊಲ್ಲಿಯಲ್ಲಿ ಈಜಬೇಡಿ, ನೀರು ಅದಕ್ಕೆ ತಕ್ಕಂತಿಲ್ಲ. 2024ರ ಆಗಸ್ಟ್‌ನಲ್ಲಿ ಇಲ್ಲಿ ರಾಶಿ ರಾಶಿ ಮೀನು ಸತ್ತು ದಡಕ್ಕೆ ಬಂದಿದ್ದವು. ಈ ಕೊಲ್ಲಿಯನ್ನು ದಿನಾ ನೋಡುವ ನಮಗೆ ಅದು ನಿಜಕ್ಕೂ ಸಂಕಟದ ವಿಷಯ.

ಸಂತೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮವರು ಸುಮ್ನೆ ಸೂಪರ್ ಮಾರ್ಕೆಟ್‌ಗೆ ಹೋಗಿ, ಇಲ್ಲಿ ನಮ್ಮ ಅಡುಗೆಗೆ ಏನೂ ಸಿಗಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಪ್ರತಿ ಬಡಾವಣೆಗೂ ವಾರಕ್ಕೊಮ್ಮೆ ಪಜಾರ್ ಇದೆ. ಬೊಸ್ತಾನ್ಲಿಯದು ಬುಧವಾರ. ಎರಡು ಗಾಲಿಯ ತಳ್ಳುಚೀಲ ಒಂದು ಕೊಂಡುಕೊಳ್ಳಿ, ಎಲ್ಲರ ಕೈಯಲ್ಲೂ ಅದೇ ಇರುತ್ತದೆ. ಬೆಳಿಗ್ಗೆ ಹೋದರೆ ಮಾಲು ಚೆನ್ನಾಗಿರುತ್ತದೆ, ಸಂಜೆ ಹೋದರೆ ದರ ಇಳಿದಿರುತ್ತದೆ. ತರಕಾರಿಗೆ ಚೌಕಾಸಿ ಮಾಡುವ ರೂಢಿ ಕಡಿಮೆ. ದರ ಬರೆದ ಹಲಗೆ ರಾಶಿಯ ಮೇಲೇ ಚುಚ್ಚಿರುತ್ತಾರೆ.

ಏಜಿಯನ್ ಕರಾವಳಿಯವರು ಸೊಪ್ಪು ತಿನ್ನುವ ಜನ, ಇದು ನಮಗೆ ದೊಡ್ಡ ಅನುಕೂಲ. ಬೇಸಿಗೆಯಲ್ಲಿ ಕಟ್ಟುಗಟ್ಟಲೆ ಬರುವ ಸೆಮಿಜೊತು ಬೇರೇನಲ್ಲ, ನಮ್ಮ ಗೋಣಿ ಸೊಪ್ಪು. ಅವರು ಬೆಳ್ಳುಳ್ಳಿ ಹಾಕಿದ ಮೊಸರಲ್ಲಿ ಹಸಿಯಾಗಿಯೇ ಕಲಸುತ್ತಾರೆ, ನಾನು ಬೇಳೆ ಹಾಕಿ ಹುಳಿ ಮಾಡುತ್ತೇನೆ. ಎಳೇ ಅಲಸಂದೆ ಕಾಯಿ ಬರುತ್ತದೆ. ಬೆರಳ ತುದಿಯಷ್ಟು ಸಣ್ಣ ಬೆಂಡೆಕಾಯಿ ಬರುತ್ತದೆ. ವಸಂತದಲ್ಲಿ ಎಂಗಿನಾರ್, ಅಂದರೆ ಆರ್ಟಿಚೋಕ್ ಅನ್ನುವ ಮೊಗ್ಗಿನಂಥ ತರಕಾರಿ, ಮಾರುವ ಹೆಂಗಸರ ಕೈ ನೋಡುತ್ತಾ ನಿಲ್ಲಿ. ಒಂದು ಚೂರಿಯಲ್ಲಿ ಹೊರಗಿನ ಒರಟು ಎಸಳೆಲ್ಲ ಸವರಿ, ಒಳಗಿನ ನಾರನ್ನು ಕೆರೆದು, ಬಿಳಿ ಬಟ್ಟಲಂಥ ತಿರುಳನ್ನು ನಿಂಬೆಹಣ್ಣಿನ ನೀರಿನ ಬಕೆಟ್ಟಿಗೆ ಹಾಕುತ್ತಾರೆ. ನಿಂಬೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ಮನೆಯಲ್ಲಿ ಅದನ್ನು ಬಿಡಿಸಲು ಹೋಗಬೇಡಿ, ಸುಲಿದದ್ದನ್ನೇ ಕೊಳ್ಳಿ. ಹೇಗೆ ಬೇಯಿಸಬೇಕು ಅಂತ ಅವರನ್ನೇ ಕೇಳಿ. ಭಾಷೆ ಬರದಿದ್ದರೂ ಕೈಸನ್ನೆಯಲ್ಲೇ ಪೂರ್ತಿ ಹೇಳಿಕೊಡುತ್ತಾರೆ, ಮುಂದಿನ ವಾರ ಹೇಗಾಯಿತು ಅಂತಾನೂ ಕೇಳುತ್ತಾರೆ. ನನಗೆ ಇಲ್ಲಿ ಮೊದಲ ಗೆಳತಿಯರು ಸಿಕ್ಕಿದ್ದು ಹಾಗೇ.

ದಿನಸಿಗೆ ಇಷ್ಟು ನೆನಪಿಟ್ಟುಕೊಳ್ಳಿ. ಉಪ್ಪಿಟ್ಟಿನ ರವೆಗೆ ಇರ್ಮಿಕ್, ಹೆಸರುಕಾಳಿಗೆ ಮಾಶ್, ಕಾಬೂಲಿ ಕಡಲೆಗೆ ನೊಹುತ್, ಚನ್ನಂಗಿ ಬೇಳೆಗೆ ಕಿರ್ಮಿಜಿ ಮೆರ್ಜಿಮೆಕ್ ಅಂತ ಕೇಳಬೇಕು. ತೊಗರಿಬೇಳೆಗೆ ಪರದಾಡುವ ಬದಲು ಚನ್ನಂಗಿ ಬೇಳೆಯಲ್ಲೇ ಸಾರು ಮಾಡುವುದನ್ನು ರೂಢಿಸಿಕೊಳ್ಳಿ. ಸಾಸಿವೆ, ಜೀರಿಗೆ, ಕೊತ್ತಂಬರಿ ಬೀಜ, ಅರಿಶಿನ, ಹುಣಸೆಹಣ್ಣು ಇವಕ್ಕೆ ಕೆಮೆರಾಲ್ತಿ ಪೇಟೆಯ ಅಕ್ತಾರ್ ಅಂಗಡಿಗಳಿಗೆ ಹೋಗಿ. ಹುಣಸೆಗೆ ದೆಮಿರ್‌ಹಿಂದಿ ಅನ್ನಬೇಕು. ಕರಿಬೇವು ಮಾತ್ರ ಊರಿಂದ ಒಣಗಿಸಿ ತರುವುದೇ ವಾಸಿ.

ಕೆಮೆರಾಲ್ತಿಗೆ ಹೋದ ದಿನ 1744ರಲ್ಲಿ ಕಟ್ಟಿದ ಹಳೇ ವರ್ತಕರ ಛತ್ರ ಕಿಜ್ಲಾರಾಸಿ ಹಾನ್‌ಗೂ ಹೋಗಿ ಬನ್ನಿ. ಅಲ್ಲೇ ಸುತ್ತಮುತ್ತ ಕಪ್ಪಿನಲ್ಲೇ ಕುದಿಸಿ ಕೊಡುವ ಟರ್ಕಿಶ್ ಕಾಫಿ ಸಿಗುತ್ತದೆ. ಸಕ್ಕರೆ ಎಷ್ಟು ಅಂತ ಮೊದಲೇ ಹೇಳಬೇಕು, ಆಮೇಲೆ ಕಲಕುವ ಹಾಗಿಲ್ಲ. ತಳದ ಪುಡಿ ಹಾಗೇ ಬಿಡಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಬೆಳಗಿನ ತಿಂಡಿಗೆ ಬೊಯೊಜ್ ಇದೆ, ಎಣ್ಣೆಯಲ್ಲಿ ಪದರ ಪದರವಾಗಿ ಮಾಡಿದ ಬಿಸಿ ಬನ್ನು. ಶತಮಾನಗಳ ಹಿಂದೆ ಸ್ಪೇನ್‌ನಿಂದ ಬಂದ ಯಹೂದಿಗಳು ತಂದ ತಿಂಡಿ ಅದು. ಇಲ್ಲಿಯವರು ಬೇಯಿಸಿದ ಮೊಟ್ಟೆ ಜೊತೆ ತಿನ್ನುತ್ತಾರೆ, ಚಹಾ ಜೊತೆಗೂ ಚೆನ್ನ. ಮಧ್ಯಾಹ್ನದ ಊಟಕ್ಕೆ ಎಸ್ನಾಫ್ ಲೊಕಾಂತಾಸಿ ಹುಡುಕಿ. ಅಂಗಡಿ ಕೆಲಸದವರು ಉಣ್ಣುವ ಜಾಗ. ಪಾತ್ರೆಗಳೆಲ್ಲ ಗಾಜಿನ ಹಿಂದೆ ಕಾಣುತ್ತವೆ, ಬೆರಳು ತೋರಿಸಿ ಹಾಕಿಸಿಕೊಂಡರಾಯಿತು. ಜೈತಿನ್‌ಯಾಲಿ ಅಂದರೆ ಆಲಿವ್ ಎಣ್ಣೆಯಲ್ಲಿ ಮಾಡಿ ತಣ್ಣಗೆ ಬಡಿಸುವ ತರಕಾರಿ, ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಆದರೆ ಅನ್ನವನ್ನೂ ಬೇಳೆ ಸೂಪನ್ನೂ ಎಷ್ಟೋ ಕಡೆ ಮಾಂಸದ ನೀರಲ್ಲಿ ಬೇಯಿಸುತ್ತಾರೆ. "ಎತ್ ಸುಯು ವಾರ್ ಮಿ?" ಅಂತ ಕೇಳಿಯೇ ಹಾಕಿಸಿಕೊಳ್ಳಿ. ಮಜ್ಜಿಗೆ ಪ್ರಿಯರಿಗೆ ಎಲ್ಲೆಲ್ಲೂ ಐರಾನ್ ಸಿಗುತ್ತದೆ.

ಚಹಾ ತೋಟಕ್ಕೆ ಹೋದರೆ ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಬರುತ್ತದೆ. ಒಂದು ಚಹಾಕ್ಕೆ ಎಷ್ಟು ಹೊತ್ತು ಕೂತರೂ ಎದ್ದೇಳಿ ಅನ್ನುವವರಿಲ್ಲ. ಯಾರದಾದರೂ ಮನೆಗೆ ಹೋದಾಗ ಮಾತ್ರ ಲೋಟ ಖಾಲಿಯಾದಂತೆ ತುಂಬುತ್ತಲೇ ಇರುತ್ತಾರೆ. ಸಾಕಾದರೆ ಚಮಚವನ್ನು ಲೋಟದ ಬಾಯಿ ಮೇಲೆ ಅಡ್ಡ ಇಡಿ. ಪಕ್ಕದ ಮೇಜಿನಲ್ಲಿ ಹಿರಿಯರು ತವ್ಲಾ, ಅಂದರೆ ದಾಳ ಹಾಕಿ ಕಾಯಿ ನಡೆಸುವ ಬ್ಯಾಕ್‌ಗ್ಯಾಮನ್, ಆಡುತ್ತಿರುತ್ತಾರೆ. ಸ್ವಲ್ಪ ದೂರದಲ್ಲಿ ನಿಂತು ನೋಡಿ, ಕುರ್ಚಿ ಎಳೆದು ಕೂರಿಸಿಕೊಳ್ಳುತ್ತಾರೆ. ದಾಳದ ಎಣಿಕೆಯನ್ನು ಯೆಕ್, ದು, ಸೆ, ಜಿಹಾರ್, ಪೆಂಜ್, ಶೆಶ್ ಅಂತ ಪಾರ್ಸಿಯಲ್ಲೇ ಹೇಳುತ್ತಾರೆ. ಹಿಂದಿ ಬಲ್ಲವರಿಗೆ ಒಂದು ಸಂಜೆಯಲ್ಲಿ ಕಿವಿಗೆ ಹತ್ತುತ್ತದೆ. ಎರಡೂ ದಾಳ ಆರು ಬಿದ್ದಾಗ "ದುಶೆಶ್" ಅಂತ ನೀವೇ ಮೊದಲು ಕೂಗಿದರೆ ಮುಂದಿನ ಆಟ ನಿಮ್ಮದೇ.

ಮಾತಿಗೆ ಮುಖ್ಯವಾಗಿ ಬೇಕಾದದ್ದು "ಕೊಲಾಯ್ ಗೆಲ್ಸಿನ್". ಕೆಲಸದಲ್ಲಿರುವ ಯಾರಿಗೇ ಆಗಲಿ, ನಿಮ್ಮ ಕೆಲಸ ಸಲೀಸಾಗಲಿ ಅಂತ ಹೇಳುವ ಮಾತು. ಕಟ್ಟಡ ನೋಡಿಕೊಳ್ಳುವವರಿಗೆ, ಬಸ್ ಡ್ರೈವರ್‌ಗೆ, ತರಕಾರಿಯವರಿಗೆ ಹೇಳಿ. ನಿಮಗಿಂತ ದೊಡ್ಡವರಾದ ಹೆಂಗಸರಿಗೆ ಅಬ್ಲಾ, ಗಂಡಸರಿಗೆ ಆಬಿ ಅನ್ನಿ. ನಮ್ಮ ಅಕ್ಕ, ಅಣ್ಣನ ಹಾಗೇ ಬಳಸುತ್ತಾರೆ. ಮನೆಗೆ ಹೋದರೆ ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ಒಳಗೆ ಹಾಕಲು ಬೇರೆ ಕೊಡುತ್ತಾರೆ. ನವೆಂಬರ್ 10ರ ಬೆಳಿಗ್ಗೆ 9 ಗಂಟೆ 5 ನಿಮಿಷಕ್ಕೆ, ಟರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್ 1938ರಲ್ಲಿ ತೀರಿಕೊಂಡ ಹೊತ್ತಿಗೆ, ಸೈರನ್ ಮೊಳಗುತ್ತದೆ. ರಸ್ತೆಯಲ್ಲಿ ಕಾರುಗಳೇ ನಿಂತುಬಿಡುತ್ತವೆ. ನೀವೂ ಇದ್ದಲ್ಲೇ ನಿಂತುಕೊಳ್ಳಿ.

ದೂರ ಹೋಗುವ ಆಸೆಯಾದಾಗ ಬಸ್ಸೂ ರೈಲೂ ಸಾಕು, ಕಾರು ಬೇಕಿಲ್ಲ. ಎಫೆಸ್‌ನ (ಎಫೆಸಸ್) ಹಳೇ ನಗರಕ್ಕೆ ಇಜ್ಬಾನ್ ರೈಲಿನಲ್ಲಿ ತೆಪೆಕೊಯ್‌ನಲ್ಲಿ ಬದಲಿಸಿ ಸೆಲ್ಚುಕ್ ತನಕ ಹೋಗಬಹುದು. ಬೇಸಿಗೆಯಲ್ಲಾದರೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ, ಒಳಗೆ ನೆರಳು ಕಡಿಮೆ. ಈಜಲು ಚೆಶ್ಮೆಯ ಇಲಿಜಾ ದಂಡೆ ಒಳ್ಳೆಯದು. ಬಹಳ ದೂರದ ತನಕ ನೀರು ಆಳವಿಲ್ಲ, ಮಕ್ಕಳಿಗೆ ಧೈರ್ಯವಾಗಿ ಬಿಡಬಹುದು. ಬಸ್ಸು ಊಚ್‌ಕುಯುಲಾರ್‌ನಿಂದ ಹೊರಡುತ್ತದೆ. ಫ್ಲೆಮಿಂಗೊ ನೋಡಬೇಕೆಂದರೆ ಅಷ್ಟು ದೂರವೂ ಬೇಡ. ಮಾವಿಶೆಹಿರ್ ದಾಟಿದರೆ ಗೆದಿಜ್ ನದಿಯ ಜೌಗು, ಅಲ್ಲಿ ಗುಂಪು ಗುಂಪಾಗಿ ಇರುತ್ತವೆ. ಬೈನಾಕ್ಯುಲರ್ ತೆಗೆದುಕೊಂಡು ಸೈಕಲ್‌ನಲ್ಲಿ ಹೋಗಿ. ಯಾವ ಕಡೆ ಹೊರಟರೂ ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಡ್ರೈವರ್‌ನ ಕೇಳಿಕೊಳ್ಳಿ. ಚಳಿಗಾಲದಲ್ಲಿ ಬೇಸಿಗೆಯಷ್ಟು ಬಸ್ಸುಗಳಿರುವುದಿಲ್ಲ.