ಬಂಡೆ ಮಣ್ಣಾಗುವುದನ್ನು ನೋಡಬೇಕಾ? ಮೇಲಿಂದ ಕೆಳಕ್ಕೆ ನಡೆಯಿರಿ

ಇದಕ್ಕೆ ಪುಸ್ತಕ ಬೇಡ, ಒಂದು ಬೆಳಗ್ಗೆ ಸಾಕು. ಬಯಲುಸೀಮೆಯಲ್ಲಿ ಬಂಡೆ, ಅದರ ಬುಡದಲ್ಲಿ ಹೊಲ, ಹೊಲದ ಕೆಳಗೆ ಕೆರೆ ಇರುವ ಊರು ಹುಡುಕುವುದು ಕಷ್ಟವಲ್ಲ. ಬೆಂಗಳೂರಿನವರು ಮೊದಲು ಲಾಲ್‌ಬಾಗ್ ಬಂಡೆ ಹತ್ತಿ ನೋಡಬಹುದು. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ಸುಮ್ನೆ ನೋಡಿ, ಕೆರೆಯಬೇಡಿ.

ಬಂಡೆಯ ಮೇಲೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಎದ್ದಿರುವ ಜಾಗ ಹುಡುಕಿ, ಬೆರಳಿನ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಆ ಪದರ ಒಳಗಿನ ಕಲ್ಲನ್ನು ಆಗಲೇ ಬಿಟ್ಟಿದೆ ಎಂದರ್ಥ. ಹಿಂದೆ ಕಲ್ಲು ಒಡೆಯುವವರು ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದರಲ್ಲ, ಬಿಸಿಲು ಅದೇ ಕೆಲಸವನ್ನು ಬಹಳ ನಿಧಾನವಾಗಿ ಮಾಡುತ್ತದೆ. ಬಿರುಕಿನಲ್ಲಿ ಅರಳಿ ಸಸಿ ಕಂಡರೆ ಅದರ ಬೇರೂ ಕೈ ಜೋಡಿಸಿದೆ ಅಂತ ತಿಳಿಯಿರಿ. ಬೂದು, ಹಸಿರು ಮಚ್ಚೆಗಳು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದವು. ಅವು ಹುಳಿ ಬಿಟ್ಟು ಕಲ್ಲನ್ನು ಚೂರುಚೂರೇ ತಿನ್ನುತ್ತವೆ.

ಈಗ ಬುಡದಲ್ಲಿ ಬಿದ್ದಿರುವ ಒಂದು ಚಕ್ಕೆ ಎತ್ತಿಕೊಂಡು ಮುರಿಯಿರಿ. ಒಳಗೆ ಹೊಳಪು, ಹೊರಗೆ ತುಕ್ಕಿನ ಬಣ್ಣ, ಅಲ್ವಾ? ಮಳೆನೀರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಅದು ತಾಕಿ ತಾಕಿ ಫೆಲ್ಡ್‌ಸ್ಪಾರ್ ಎಂಬ ಬಿಳಿ, ಗುಲಾಬಿ ಹರಳು ಕೊಳೆತು ಜೇಡಿಯಾಗುತ್ತದೆ, ಕಪ್ಪು ಕಾಗೆಬಂಗಾರದಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಕೊಡುತ್ತದೆ, ಬೆಣಚುಕಲ್ಲು ಮಾತ್ರ ಯಾವುದಕ್ಕೂ ಜಗ್ಗದೆ ಮರಳಾಗಿ ಉಳಿಯುತ್ತದೆ.

ಇಲ್ಲಿಯವರೆಗಿನದು ಕಲ್ಲು ಇದ್ದಲ್ಲೇ ಪುಡಿಯಾದ ಕಥೆ. ಪುಡಿ ಜಾಗ ಬಿಟ್ಟು ಹೋಗುವುದು ಬೇರೆ, ಅದೇ ಸವಕಳಿ. ಅದನ್ನು ನೋಡಲು ಬಂಡೆಯ ಬುಡ, ಹೊಲದ ನಡು, ಕೆರೆಯಂಗಳ, ಈ ಮೂರು ಕಡೆಯಿಂದ ಒಂದೊಂದು ಬೊಗಸೆ ಮಣ್ಣು ತನ್ನಿ.

ಮನೆಯಲ್ಲಿ ಮೂರು ಪಾರದರ್ಶಕ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ ನೀರು ತುಂಬಿ. ಚಿಟಿಕೆ ಸೋಪಿನ ಪುಡಿ ಹಾಕಿದರೆ ಹೆಂಟೆ ಬಿಡುತ್ತದೆ. ಐದು ನಿಮಿಷ ಜೋರಾಗಿ ಕುಲುಕಿ ಇಟ್ಟುಬಿಡಿ, ಮತ್ತೆ ಮುಟ್ಟಬೇಡಿ. (ಮೊದಲ ಸಲ ನಾನು ಫೋಟೋಗೆ ಅಂತ ಎತ್ತಿ ಎಲ್ಲ ಕಲಸಿಬಿಟ್ಟೆ.) ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಅದಕ್ಕಿಂತ ನುಣುಪಾದ ಮಣ್ಣಿಗೆ ಕೆಲವು ಗಂಟೆ ಬೇಕು, ಜೇಡಿಗೆ ಒಂದೆರಡು ದಿನವೂ ಸಾಲದು. ಬಂಡೆ ಬುಡದ ಬಾಟಲಿಯಲ್ಲಿ ಮರಳೇ ಜಾಸ್ತಿ ಇರುತ್ತದೆ. ಕೆರೆಯದು ಮರುದಿನವೂ ಕಲಕಲಾಗೇ ಇದ್ದರೆ ಗಾಬರಿ ಬೇಡ. ಹರಿಯುವ ನೀರು ದಪ್ಪದ್ದನ್ನು ದಾರಿಯಲ್ಲೇ ಬಿಟ್ಟು ನುಣ್ಣನೆಯದನ್ನು ದೂರ ಒಯ್ಯುತ್ತದೆ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಹೊಲಕ್ಕೆ ಗೋಡು ಹೊಡೆಯುತ್ತಾರಲ್ಲ, ಅದು ಇದೇ ಮಣ್ಣು. ಮಳೆಯಲ್ಲಿ ಕೊಚ್ಚಿಹೋದದ್ದು ಟ್ರ್ಯಾಕ್ಟರ್ ಹತ್ತಿ ವಾಪಸ್ ಬರುತ್ತದೆ.