ಹಬ್ಬದ ಮಾರನೆ ದಿನದ ಹೊಟ್ಟೆನೋವು

ಯುಗಾದಿಯ ಮಾರನೆ ದಿನ ನಮ್ಮ ಮನೆಯ ಒಲೆಗೆ ಅರ್ಧ ರಜ. ಡಬ್ಬಿಯಲ್ಲಿ ಉಳಿದ ಹೋಳಿಗೆ, ಪಾತ್ರೆಯ ತಳದಲ್ಲಿ ಹೋಳಿಗೆ ಸಾರು, ಒಂದಿಷ್ಟು ಮಾವಿನಕಾಯಿ ಚಿತ್ರಾನ್ನ. ಸಾರಂತೂ ಮಾರನೆ ದಿನವೇ ರುಚಿ. ಆದರೆ ನಾಲ್ಕೈದು ವರ್ಷ ಅದೇ ದಿನ ನನ್ನ ದೊಡ್ಡ ಮಗ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದ. ಹೊಟ್ಟೆ ಉಬ್ಬರ, ಗುಡುಗುಡು, ಎರಡು ಮೂರು ಸಲ ಭೇದಿ. "ಅಮ್ಮ, ನನಗೆ ಕಡಲೆಬೇಳೆ ಆಗಲ್ಲ" ಅಂದ. "ಮೈದಾ ಇರಬೇಕು ಅತ್ತೆ" ಅಂದಳು ಸೊಸೆ. "ಜಾಸ್ತಿ ತಿಂದಿದ್ದಾನೆ, ಅಷ್ಟೆ" ಅಂದೆ ನಾನು. ಮೂವರೂ ತಪ್ಪು.

ಇಂಥ ಅನುಮಾನ ಬಂದಾಗ ಮೊದಲು ನೋಡಬೇಕಾದ್ದು, ಅಡುಗೆ ಕೆಟ್ಟಿತ್ತೋ ಇಲ್ಲವೋ ಅನ್ನೋದು. ತಿಂದವರೆಲ್ಲ ಮಲಗಿದರೆ ತಪ್ಪು ಪಾತ್ರೆಯದು. ಒಬ್ಬರಿಗೇ ಪದೇ ಪದೇ, ಬಿಸಿ ಅಡುಗೆ ತಿಂದಾಗಲೂ ಹಾಗಾದರೆ ಆ ಮೈಗೆ ಏನೋ ಒಗ್ಗುತ್ತಿಲ್ಲ ಎಂದು ಲೆಕ್ಕ. ಯುಗಾದಿ ಬರುವುದೇ ಬೇಸಿಗೆಯಲ್ಲಿ. ಅಡುಗೆ ಆಗಿ ಎರಡು ಗಂಟೆಯೊಳಗೆ ಉಳಿದದ್ದು ಫ್ರಿಜ್ ಸೇರಬೇಕು. ದೊಡ್ಡ ಪಾತ್ರೆಯ ಸಾರನ್ನು ಹಾಗೇ ಇಡಬೇಡಿ, ನಡುವೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಅಗಲವಾದ ಎರಡು ಮೂರು ಡಬ್ಬಿಗೆ ಹಂಚಿ. ಮಾರನೆ ದಿನ ಬೇಕಾದಷ್ಟನ್ನೇ ತೆಗೆದು ಮರಳುವ ತನಕ ಕುದಿಸಿ. ಕಾಯಿತುರಿ ಹಾಕಿದ ಕೋಸಂಬರಿ ಉಳಿದರೆ ಸಂಜೆಗೆ ದಾಕ್ಷಿಣ್ಯ ನೋಡದೆ ಚೆಲ್ಲಿಬಿಡಿ.

ಅನ್ನದ ವಿಷಯ ಬೇರೆಯೇ. ರಾತ್ರಿಯೆಲ್ಲ ಕಟ್ಟೆಯ ಮೇಲೆ ಬಿಟ್ಟ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದವಳು ನಾನೂ ಹೌದು. ಅನ್ನ ಬೆಂದರೂ ಸಾಯದ ಒಂದು ಜಾತಿಯ ಬ್ಯಾಕ್ಟೀರಿಯಾ ಇದೆ. ಹೊರಗೆ ಬಿಟ್ಟ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ತಿಂದು 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾದರೆ ಕಡಲೆಬೇಳೆಯನ್ನು ಬೈಯುವ ಮೊದಲು ಆ ಅನ್ನವನ್ನು ನೆನಪಿಸಿಕೊಳ್ಳಿ.

ನಮ್ಮ ಮನೆಯಲ್ಲಿ ಉಳಿದವರೆಲ್ಲ ಗಟ್ಟಿಯಾಗಿಯೇ ಇದ್ದರು. ಹಾಗಾಗಿ ಹಾಲಿನ ಲೆಕ್ಕದ ಹಳೆಯ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯಲು ಶುರು ಮಾಡಿದೆ. ಏನು ತಿಂದ, ಎಷ್ಟು, ಎಷ್ಟು ಗಂಟೆಗೆ, ಅದು ಯಾವತ್ತು ಮಾಡಿದ್ದು, ಆಮೇಲೆ ಏನಾಯಿತು, ಎಷ್ಟು ಹೊತ್ತಿಗೆ. ಮಗ ನಕ್ಕ. ಒಂದು ಸಾಲು ಇನ್ನೂ ಕಣ್ಣಮುಂದಿದೆ: "8ಕ್ಕೆ ಎರಡು ಹೋಳಿಗೆ, ತುಪ್ಪ, ಒಂದು ದೊಡ್ಡ ಲೋಟ ಬಿಸಿ ಹಾಲು. 9ಕ್ಕೆ ಗುಡುಗುಡು." ಹೌದಲ್ಲಾ! ಹಬ್ಬದ ದಿನ ಎಲೆಯಲ್ಲಿ ಹೋಳಿಗೆಗೆ ಬೀಳುವುದು ಬರೀ ತುಪ್ಪ. ಮಾರನೆ ದಿನ ಗಟ್ಟಿಯಾದ ಹೋಳಿಗೆಯನ್ನು ಕಾವಲಿಯ ಮೇಲೆ ಬೆಚ್ಚಗೆ ಮಾಡಿ, ಹಾಲಿನಲ್ಲಿ ಅದ್ದಿ ತಿನ್ನುವುದು ಅವನ ಅಭ್ಯಾಸ. ಉಳಿದ ದಿನ ಅವನು ಹಾಲು ಮುಟ್ಟುವುದು ಕಾಫಿಯಲ್ಲಿ ಮಾತ್ರ.

ಒಂದೊಂದಾಗಿ ಪರೀಕ್ಷೆ ಮಾಡಿದೆವು. ಒಂದು ವಾರ ಹಾಲಿಲ್ಲದೆ ಬೇಳೆ, ಮೈದಾ ಎಲ್ಲ ತಿಂದ, ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬರೀ ಹಾಲು ಕುಡಿದ, ಒಂದು ಗಂಟೆಗೆ ಅದೇ ರಾಗ. ಡಾಕ್ಟರೂ ಹೌದೆಂದರು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಶಕ್ತಿ ದೊಡ್ಡವರಾದ ಮೇಲೆ ಬಹಳ ಜನಕ್ಕೆ ಕಡಿಮೆಯಾಗುತ್ತದಂತೆ. 200 ಮಿಲಿ ಹಾಲಿನಲ್ಲಿ ಅದು ಸುಮಾರು 10 ಗ್ರಾಂ. ಮೊಸರಿನಲ್ಲಿ ಕಡಿಮೆ, ತುಪ್ಪದಲ್ಲಿ ಇಲ್ಲವೆನ್ನುವಷ್ಟು. ಮಜ್ಜಿಗೆ ಕುಡಿದು ಯಾಕೆ ಆರಾಮವಾಗಿದ್ದ ಅಂತ ಆಗ ಗೊತ್ತಾಯಿತು. ನೆಂಟರು ತಂದ ಪೇಡದ ಡಬ್ಬಿಯೂ ಅವನಿಗೆ ವರ್ಜ್ಯ, ಅದರಲ್ಲಿರುವುದೆಲ್ಲ ಖೋವಾ.

ನೆನಪಿಡಿ, ಒಂದು ಸಲಕ್ಕೆ ಒಂದನ್ನೇ ಬಿಡಿ. ಹಾಲು, ಗೋಧಿ, ಬೇಳೆ ಮೂರನ್ನೂ ಒಟ್ಟಿಗೆ ಬಿಟ್ಟರೆ ಯಾವುದರದು ತಪ್ಪು ಅಂತ ಗೊತ್ತಾಗುವುದೇ ಇಲ್ಲ, ಸುಮ್ನೆ ಮನುಷ್ಯ ಸೊರಗುತ್ತಾನೆ. ಗೋಧಿಯ ಮೇಲೆ ಅನುಮಾನ ಇದ್ದರೆ ರಕ್ತಪರೀಕ್ಷೆ ಆಗುವ ತನಕ ಚಪಾತಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಇದು ತಿಳಿಯದೆ ಬಿಟ್ಟು ಆಮೇಲೆ ಪರದಾಡಿದವರನ್ನು ನೋಡಿದ್ದೇನೆ. ನಿಜವಾಗಿಯೂ ಗೋಧಿ ಬಿಡಬೇಕಾದವರು ಒಗ್ಗರಣೆಯ ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಲಿ. ಅಂಗಡಿಯ ಇಂಗಿಗೆ ಗೋಧಿ ಹಿಟ್ಟೋ ಮೈದಾವೋ ಬೆರೆತಿರುವುದು ಮಾಮೂಲು.

ಮನೆಯಲ್ಲಿ ಪರೀಕ್ಷೆ ಮಾಡಿ ಅಂದೆ, ಎಲ್ಲದಕ್ಕೂ ಅಲ್ಲ. ಚಿತ್ರಾನ್ನದ ಕಡಲೆಕಾಯಿ ಬೀಜ, ಪಾಯಸದ ಗೋಡಂಬಿ, ಹೊಸತೊಡಕಿನ ಸೀಗಡಿ ತಿಂದ ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದು ಬಂದರೆ, ತುಟಿ ಊದಿದರೆ, ಉಸಿರು ಕಟ್ಟಿದಂತಾದರೆ ಅದು ಅಲರ್ಜಿ. ಅಲ್ಲಿ ಜೀರಿಗೆ ಕಷಾಯ ಕುದಿಸುತ್ತಾ ನಿಲ್ಲಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. "ಸ್ವಲ್ಪ ತಿಂದು ನೋಡೋಣ" ಅಂತ ಇನ್ನೊಮ್ಮೆ ಪ್ರಯೋಗ ಮಾಡಲೇಬೇಡಿ. ಅದೇ ರೀತಿ ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು ಇದ್ದರೂ ಪುಸ್ತಕ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಬರೆದಿಟ್ಟದ್ದು ಅವರಿಗೆ ತುಂಬ ಉಪಯೋಗಕ್ಕೆ ಬರುತ್ತದೆ.

ಇನ್ನು ಬಡಿಸುವವರ ಕಾಟ. "ಒಂದೇ ಒಂದು ಲೋಟ, ಏನಾಗುತ್ತೆ?" ಅನ್ನುವ ಅತ್ತಿಗೆಯಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ, ನಾನೂ ಹಾಗೇ ಇದ್ದೆ. ಈಗ ಉಳಿದ ಡಬ್ಬಿಗಳ ಮೇಲೆ ಚೀಟಿ ಅಂಟಿಸುತ್ತೇನೆ. ಯಾವತ್ತು ಮಾಡಿದ್ದು, ಹಾಲು ಇದೆಯೋ ಇಲ್ಲವೋ, ಬೀಜ ಇದೆಯೋ ಇಲ್ಲವೋ. ಕೇಳುವ ಮುಜುಗರವೂ ಇಲ್ಲ, ಹೇಳುವ ಮುಜುಗರವೂ ಇಲ್ಲ.

ಮಗನ ಹೋಳಿಗೆಗೆ ಈಗ ಕಾಯಿಹಾಲು. ಅರ್ಧ ಹೋಳು ಕಾಯಿ ತುರಿದು, ಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಬೆಲ್ಲ ಕರಗಿಸಿ ಏಲಕ್ಕಿ ಉದುರಿಸಿದರೆ ಆಯಿತು. ಹಾಲಿಗಿಂತ ಇದೇ ಚೆನ್ನ ಅಂತ ಮೊಮ್ಮಕ್ಕಳೂ ಅದಕ್ಕೇ ಕೈ ಹಾಕುತ್ತಾರೆ. ಅದನ್ನು ಮಾತ್ರ ಉಳಿಸಲು ಹೋಗಬೇಡಿ, ಸೆಕೆಗೆ ಬೇಗ ಹುಳಿಯುತ್ತದೆ. ಬೇಕಾದಾಗ ಬೇಕಾದಷ್ಟೇ ಹಿಂಡಿಕೊಳ್ಳಿ.